ತಮ್ಮನಿಗೆ ಕೊಲೊನೋಸ್ಕೋಪಿ: ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಪ್ರಶ್ನೆ, ಯಶವಂತಪುರ:
ತಮ್ಮನಿಗೆ ಎಚ್‌ಐವಿ ಇದೆ. ಎಚ್‌ಐವಿ ಹತೋಟಿಯ ಎಆರ್‌ಟಿ ಮಾತ್ರೆ ಶುರುವಾಗಿ ಎರಡು ತಿಂಗಳು, ರೋಗ ತಡೆಯುವ ರಕ್ತಕಣಗಳ ಲೆಕ್ಕ, ಅಂದರೆ ಸಿಡಿ4 ಎಣಿಕೆ, ಬರೀ 62. ಆರು ವಾರದಿಂದ ಭೇದಿ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಈಗ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ, ಎನ್ನುತ್ತಿದ್ದಾರೆ. ಬಹಳ ನೋವಾಗುತ್ತದೆಯೇ?

ಉತ್ತರ, ರಾಜಾಜಿನಗರ:
ಅಕ್ಕಾ, ನನಗೂ ಮಾಡಿದ್ದಾರೆ. ಪರೀಕ್ಷೆಗಿಂತ ಹಿಂದಿನ ರಾತ್ರಿಯೇ ದೊಡ್ಡ ಕಷ್ಟ. ನಿಂಬೆವಾಸನೆಯ ಉಪ್ಪುಪ್ಪು ನೀರು ಎರಡು ಲೀಟರ್. ಒಂದು ಲೋಟ ಕುಡಿಯುವುದು, ಓಡುವುದು. ಕೊನೆಗೆ ಬಚ್ಚಲಮನೆ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತೆ. ತಿಳಿಹಳದಿ ನೀರಷ್ಟೇ ಬರುವವರೆಗೆ ಬಿಡುವಂತಿಲ್ಲ. ಕರುಳು ತೊಳೆದಂತಾಗದಿದ್ದರೆ ಕ್ಯಾಮೆರಾಕ್ಕೆ ಏನೂ ಕಾಣದು. ಮರುದಿನ ಎಡಮಗ್ಗುಲಾಗಿ ಮಂಡಿ ಮಡಚಿ ಎಂದದ್ದು ನೆನಪಿದೆ, ಆಮೇಲೆ ನಿದ್ದೆ.

‘ಕರುಳು ಚೆನ್ನಾಗಿಯೇ ಇದೆ’ ಎಂದರು ಡಾಕ್ಟರು. ನಾವು ಮನೆಗೆ ಬರುತ್ತಾ ಮೈಸೂರು ಪಾಕನ್ನೂ ತಂದೆವು! ವಾರದ ಮೇಲೆ ಬಯಾಪ್ಸಿ ವರದಿ ಬಂತು: ಸಣ್ಣ ಕರುಳಿನ ತುದಿಯಿಂದ ತೆಗೆದ ಚೂರಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರಾವಲಂಬಿ ಜೀವಿ. ಕಣ್ಣಿಗೆ ಸರಿ ಕಂಡರೂ ಚೂರು ತೆಗೆಯುತ್ತೀರಾ ಎಂದು ಮೊದಲೇ ಕೇಳಿ.

ಉತ್ತರ, ಲ್ಯಾಬ್‌ನಲ್ಲಿರುವವಳು:
ಆ ಜೀವಿ ಮಾಮೂಲಿ ಮಲಪರೀಕ್ಷೆಗೆ ಸಿಗದೆ ಹೋಗುತ್ತದೆ, ಆಸಿಡ್‌ಫಾಸ್ಟ್ ಬಣ್ಣ ಹಾಕಿ ನೋಡಬೇಕು. ಒಂದೇ ದಿನದ ಮಾದರಿ ಸಾಲದು, ಬೇರೆ ಬೇರೆ ದಿನದ ಮೂರು ಕೊಡಿ. ಸಿಎಂವಿ ಎಂಬ ವೈರಸ್‌ನಿಂದ ಕರುಳಿಗಾಗುವ ಹುಣ್ಣು ಸಿಡಿ4 50ಕ್ಕಿಂತ ಇಳಿದವರಲ್ಲಿ ಹೆಚ್ಚು. ನಮ್ಮ ಕಡೆ ಮರೆಯಬಾರದ್ದು ಕರುಳಿನ ಕ್ಷಯ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲೇ ಅದು ಹೆಚ್ಚು. ಕ್ಷಯದ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಹೋಗುವ ಚೂರನ್ನು ಸಲೈನ್‌ನಲ್ಲಿ ಕಳಿಸಬೇಕು. ಎಲ್ಲವನ್ನೂ ರೋಗಾಣು ಕೊಲ್ಲುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ ಕೈತಪ್ಪಿತು. ಎಷ್ಟು ಬಾಟಲಿ ನೋಡಿ ಬೇಸರಪಟ್ಟಿದ್ದೇನೋ!

ಉತ್ತರ, ಜಯನಗರ:
ಒಂದು ಖಾಸಗಿ ಆಸ್ಪತ್ರೆ ಎಚ್‌ಐವಿ ಎಂದು ಬರೆದಿದ್ದ ನನ್ನ ಚೀಟಿ ನೋಡಿ, ‘ಯಂತ್ರ ಕೆಟ್ಟಿದೆ’ ಎಂದಿತು. ಪಕ್ಕದವರನ್ನು ಒಳಗೆ ಕರೆದರು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಂಡೋಸ್ಕೋಪನ್ನು, ಅಂದರೆ ಆ ಕ್ಯಾಮೆರಾ ಕೊಳವೆಯನ್ನು, ಯಾರಿಗೆ ಬಳಸಿದರೂ ಒಂದೇ ರೀತಿ ಶುದ್ಧಮಾಡಬೇಕು. ಮಾಹಿತಿಗೆ 1097, ಉಚಿತ ಕರೆ. ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ: ಎಚ್‌ಐವಿ ಮಾತ್ರೆಗಳಲ್ಲಿ ರಿಟೊನಾವಿರ್ ಇದ್ದರೆ, ಪರೀಕ್ಷೆಗೆ ನಿದ್ದೆ ಬರಿಸಲು ಕೊಡುವ ಮಿಡಾಜೋಲಾಮ್‌ನ ಮಂಪರು ವಿಪರೀತವಾಗಬಹುದು.

ಪ್ರಶ್ನೆ ಕೇಳಿದವರು:
ಸೋಮವಾರಕ್ಕೆ ದಿನ ಸಿಕ್ಕಿದೆ. ಪಟ್ಟಿಯನ್ನು ಬ್ಯಾಗಿನಲ್ಲಿಟ್ಟೆ. ಸಲೈನ್ ವಿಷಯ ಚೀಟಿಯಲ್ಲಿ ಬರೆದುಕೊಂಡೆ. ಎರಡು ಲೀಟರ್ ಎಂದಾಗ ತಮ್ಮ ಮುಖ ಸಿಂಡರಿಸಿದ. ಸ್ಟೂಲ್ ಮಾತ್ರ ಈಗಲೇ ಒಯ್ದು ಬಚ್ಚಲಮನೆ ಬಾಗಿಲಲ್ಲಿ ಇಟ್ಟಿದ್ದಾನೆ.