ಒಂದೇ ಸೀಸನ್‌ನಲ್ಲಿ 106 ಪಂದ್ಯ: ಈ ದಾಖಲೆ ಮುರಿಯುತ್ತಾ?

ಪ್ರಶ್ನೆ: ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡಕ್ಕೆ 162 ಪಂದ್ಯ. ಪಿಚರ್ (ಚೆಂಡು ಎಸೆಯುವ ಆಟಗಾರ) ಮೈಕ್ ಮಾರ್ಷಲ್ ಅದರಲ್ಲಿ 106ರಲ್ಲಿ ಆಡಿ ಪಿಚರ್‌ಗಳ ದಾಖಲೆ ಮಾಡಿದ್ದು ಹೇಗೆ?

ಉತ್ತರ 1: ಅವರು ರಿಲೀವರ್, ಅಂದರೆ ಪಂದ್ಯದ ಮಧ್ಯೆ ಬೇರೆ ಪಿಚರ್ ಬದಲಿಗೆ ಇಳಿಯುವವರು. ಪಂದ್ಯವನ್ನು ಶುರು ಮಾಡುವ ಸ್ಟಾರ್ಟರ್‌ಗಳಿಗೆ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಸರದಿ, ಹಾಗಾಗಿ ಸೀಸನ್‌ಗೆ 33 ಪಂದ್ಯಗಳ ಆಸುಪಾಸಿಗೇ ನಿಲ್ಲುತ್ತಾರೆ. 1974ರಲ್ಲಿ ಡಾಡ್ಜರ್ಸ್ ತಂಡದ ಪರ ಮಾರ್ಷಲ್ ಎಸೆದದ್ದು 208 ಇನಿಂಗ್ಸ್‌ಗೂ ಹೆಚ್ಚು (ಬೇಸ್‌ಬಾಲ್ ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್). ಬಂದಾಗಲೆಲ್ಲ ಸರಾಸರಿ ಎರಡು ಇನಿಂಗ್ಸ್! ಸತತ 13 ಪಂದ್ಯಗಳಲ್ಲೂ ಇಳಿದಿದ್ದರು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ಮೊದಲ ರಿಲೀವರ್ ಅವರೇ.

ಉತ್ತರ 2: ನಂತರದ ಸ್ಥಾನ 94 ಪಂದ್ಯ. ಕೆಂಟ್ ಟೆಕುಲ್ವಿ (1979), ಸಾಲೊಮನ್ ಟೊರೆಸ್ (2006), ಇಬ್ಬರೂ ಪಿಟ್ಸ್‌ಬರ್ಗ್ ಪೈರೇಟ್ಸ್‌ನವರು. ಟೆಕುಲ್ವಿ ಕೈಯನ್ನು ಸೊಂಟಕ್ಕಿಂತ ಕೆಳಗಿಂದ ಬೀಸಿ ಎಸೆಯುತ್ತಿದ್ದರು.

ಉತ್ತರ 3: ಇನ್ನು ಮುರಿಯುವುದು ಕಷ್ಟ. ಒಬ್ಬನೇ ಬ್ಯಾಟರ್‌ಗೆ ಎಸೆದು ಹೊರಡುವ ಎಡಗೈ ಸ್ಪೆಷಲಿಸ್ಟ್‌ಗಳಿಗೆ ಪಂದ್ಯಗಳು ಬೇಗ ಕೂಡುತ್ತಿದ್ದವು. 2020ರಿಂದ ಪಿಚರ್ ಕನಿಷ್ಠ ಮೂವರಿಗೆ ಎಸೆಯಬೇಕು, ಇಲ್ಲವೇ ಆ ಅರ್ಧ ಇನಿಂಗ್ಸ್ (ಒಂದು ತಂಡದ ಬ್ಯಾಟಿಂಗ್ ಸರದಿ) ಮುಗಿಸಬೇಕು. ಬುಲ್‌ಪೆನ್‌ನಲ್ಲಿ (ರಿಲೀವರ್‌ಗಳು ಸಿದ್ಧರಾಗುವ ಜಾಗ) ವಾರ್ಮ್‌ಅಪ್ ಮಾಡಿಯೂ ಇಳಿಯದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ತೋಳು ಮಾತ್ರ ದಣಿದಿರುತ್ತದೆ.