ಎಫ್‌ಒಬಿ ಚೆನ್ನೈ ಒಪ್ಪಂದ, ಹಡಗು ಹತ್ತುವ ಮೊದಲೇ ಮಾಲು ಹಾಳು: ನಷ್ಟ ಯಾರದು?

ಗರ್ಕಿನ್_ತುಮಕೂರು:
ಎಲ್ಲರಿಗೂ ನಮಸ್ಕಾರ. ನಾವು ವಿನೆಗರ್ ಡ್ರಮ್‌ಗಳಲ್ಲಿ ಮಿಡಿಸೌತೆ ತುಂಬಿ ಯುರೋಪಿಗೆ ಕಳಿಸುವವರು. ಒಪ್ಪಂದದಲ್ಲಿ ಇರುವುದು "ಎಫ್‌ಒಬಿ ಚೆನ್ನೈ, ಇನ್‌ಕೋಟರ್ಮ್ಸ್ 2020", ಅಂದರೆ ಮಾರುವವರು-ಕೊಳ್ಳುವವರ ಖರ್ಚು, ಹೊಣೆ ಹಂಚುವ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಮಾಲನ್ನು ಚೆನ್ನೈಯಲ್ಲಿ ಹಡಗಿಗೆ ಏರಿಸಿ ಕೊಡುವ ಷರತ್ತು. ಸೀಲ್ ಹಾಕಿದ ಕಂಟೇನರನ್ನು ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೊ) ಖರೀದಿದಾರರೇ ಗೊತ್ತುಮಾಡಿದ ಶಿಪ್ಪಿಂಗ್ ಲೈನ್‌ಗೆ ಒಪ್ಪಿಸಿ ರಸೀದಿ ಪಡೆದಿದ್ದೇವೆ. ಬಂದರಿಗೆ ಹೋಗುವ ದಾರಿಯಲ್ಲಿ ಟ್ರೇಲರ್ ವಾಲಿ ಡ್ರಮ್‌ಗಳು ಒಡೆದಿವೆ. ಖರೀದಿದಾರರು ಹಣ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಲೈನ್ ಅವರದು, ಬಾಡಿಗೆ ಅವರದು, ನಷ್ಟ ಮಾತ್ರ ನಮ್ಮದೇ?

ಮಲೆನಾಡು_ಎಕ್ಸ್‌ಪೋರ್ಟ್:
ಎಫ್‌ಒಬಿ ಅಂದರೆ ವಿಮೆ ಖರೀದಿದಾರರದು. ಅವರ ಪಾಲಿಸಿಯಲ್ಲೇ ಕ್ಲೇಮ್ ಮಾಡಿಸಿ.

ಕಸ್ಟಮ್ಸ್_ಬ್ರೋಕರ್_ಬೆಂಗಳೂರು:
ಆ ದಾರಿ ಹಿಡಿಯಬೇಡಿ ಸರ್. ಎಫ್‌ಒಬಿಯಲ್ಲಿ ಮಾಲು ಹಡಗಿನ ಮೇಲೆ ಏರಿದಾಗಲೇ ಜವಾಬ್ದಾರಿ ಖರೀದಿದಾರರಿಗೆ ದಾಟುವುದು. ಅದಕ್ಕೂ ಮುಂಚಿನ ನಷ್ಟ ಅವರದಲ್ಲ, ಹಾಗಾಗಿ ಅವರ ಪಾಲಿಸಿ ಸಾಮಾನ್ಯವಾಗಿ ನಿಮ್ಮ ಕೈಹಿಡಿಯುವುದಿಲ್ಲ. ಲೈನ್ ಗೊತ್ತುಮಾಡಿದ್ದು ಯಾರು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ತುರ್ತಾಗಿ ಆಗಬೇಕಾದ್ದು: ಕಂಟೇನರ್ ತೆರೆಯುವ ಮುನ್ನ ಸೀಲ್ ನಂಬರ್ ಕಾಣುವಂತೆ ಫೋಟೊ, ಸರ್ವೇಯರ್ ವರದಿ, ಶಿಪ್ಪಿಂಗ್ ಲೈನ್‌ಗೆ ಲಿಖಿತ ಕ್ಲೇಮ್ ನೋಟಿಸ್. ಐಸಿಡಿ ರಸೀದಿಯೇ ನಿಮ್ಮ ದೊಡ್ಡ ಆಧಾರ, ಮಾಲು ಯಾರ ಸುಪರ್ದಿಯಲ್ಲಿತ್ತು ಎಂದು ಅದು ಹೇಳುತ್ತದೆ. ಕಾರ್ಖಾನೆಯಿಂದ ಬಂದರಿನವರೆಗೆ ನಿಮ್ಮದೇ ಟ್ರಾನ್ಸಿಟ್ ಪಾಲಿಸಿ ಇದ್ದರೆ ಇವತ್ತೇ ಅವರಿಗೂ ತಿಳಿಸಿ.

ಮುಂದಿನ ಒಪ್ಪಂದದಲ್ಲಿ "ಎಫ್‌ಸಿಎ ಐಸಿಡಿ ವೈಟ್‌ಫೀಲ್ಡ್, ಬೆಂಗಳೂರು, ಇನ್‌ಕೋಟರ್ಮ್ಸ್ 2020" ಎಂದು ಬರೆಸಿ. ಆಗ ಲೈನ್‌ಗೆ ಒಪ್ಪಿಸಿದಲ್ಲಿಗೆ ನಿಮ್ಮ ಹೊಣೆ ಮುಗಿಯಿತು. ಐಸಿಡಿಯಿಂದ ಬಂದರಿನ ಸಾಗಣೆ ಖರ್ಚು ಅವರ ಪಾಲಿಗೆ ಹೋಗುವುದರಿಂದ ದರ ಅಷ್ಟು ಇಳಿಸಬೇಕಾದೀತು. ರಫ್ತಿನ ಕಸ್ಟಮ್ಸ್ ಕೆಲಸ ಆಗಲೂ ನಿಮ್ಮದೇ. ಕಂಟೇನರ್ ಮಾಲಿಗೆ ಎಫ್‌ಒಬಿ ಹೊಂದುವುದಿಲ್ಲ ಎಂದು ನಿಯಮ ರೂಪಿಸಿದ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯೇ ಹೇಳುತ್ತದೆ. ಆದರೂ ನಮ್ಮಲ್ಲಿ ಎಲ್ಲರೂ ರೂಢಿಯಿಂದ ಅದನ್ನೇ ಬರೆಯುತ್ತಾರೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಗರ್ಕಿನ್_ತುಮಕೂರು:
ತುಂಬಾ ಉಪಕಾರ ಸರ್, ನೋಟಿಸ್ ಇವತ್ತೇ ಹೋಗುತ್ತದೆ. ಎರಡು ಅನುಮಾನ. ನಮ್ಮ ಎಲ್‌ಸಿಗೆ (ಹಣಕ್ಕೆ ಖರೀದಿದಾರರ ಬ್ಯಾಂಕ್ ಕೊಡುವ ಖಾತರಿ ಪತ್ರ) ಮಾಲು ಹಡಗು ಹತ್ತಿದೆ ಎಂಬ "ಆನ್ ಬೋರ್ಡ್" ಮುದ್ರೆಯ ಬಿಎಲ್ (ಲೈನ್ ಕೊಡುವ ಸಾಗಣೆ ಪತ್ರ) ಬೇಕು, ಐಸಿಡಿ ರಸೀದಿ ಬ್ಯಾಂಕ್ ಒಪ್ಪುವುದಿಲ್ಲ. ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನಲ್ಲಿ ಎಫ್‌ಒಬಿ ಮೌಲ್ಯ ಕೇಳುತ್ತಾರಲ್ಲ, ಅಲ್ಲಿ ಎಫ್‌ಸಿಎ ನಡೆಯುತ್ತದೆಯೇ?

ಕಸ್ಟಮ್ಸ್_ಬ್ರೋಕರ್_ಬೆಂಗಳೂರು:
ಕಸ್ಟಮ್ಸ್‌ಗೆ ಬೇಕಿರುವುದು ಡ್ರಾಬ್ಯಾಕ್ (ರಫ್ತಿಗೆ ಸಿಗುವ ಸುಂಕ ವಾಪಸಾತಿ) ಮುಂತಾದ ಲೆಕ್ಕಕ್ಕೆ ಒಂದು ಮೌಲ್ಯ. ಅದಕ್ಕೂ ನಿಮ್ಮಿಬ್ಬರ ನಡುವೆ ಜವಾಬ್ದಾರಿ ಎಲ್ಲಿ ದಾಟುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಬಂದರಿನವರೆಗಿನ ಖರ್ಚು ಸೇರಿಸಿ ಎಫ್‌ಒಬಿ ಮೌಲ್ಯ ತೋರಿಸಿದರಾಯಿತು.

ಬಿಎಲ್ ತೊಡಕಿಗೆ 2020ರ ಆವೃತ್ತಿಯಲ್ಲೇ ದಾರಿ ಇದೆ. ಎಫ್‌ಸಿಎ ಒಪ್ಪಂದದಲ್ಲಿ ಇಬ್ಬರೂ ಒಪ್ಪಿ ಒಂದು ಸಾಲು ಸೇರಿಸಿದರೆ, ಮಾಲು ಹಡಗಿಗೆ ಏರಿದ ಮೇಲೆ ಆನ್ ಬೋರ್ಡ್ ಬಿಎಲ್ ಅನ್ನು ನಿಮಗೆ ಕೊಡುವಂತೆ ಖರೀದಿದಾರರು ಲೈನ್‌ಗೆ ಸೂಚಿಸಲೇಬೇಕು. ಆ ಸಾಲು ಇಲ್ಲದಿದ್ದರೆ ಸೂಚಿಸುವ ಬಾಧ್ಯತೆ ಅವರಿಗಿಲ್ಲ. ಜವಾಬ್ದಾರಿ ಐಸಿಡಿಯಲ್ಲೇ ದಾಟಿದರೂ ಎಲ್‌ಸಿ ಹಣ ಮಾತ್ರ ಹಡಗು ಹತ್ತಿದ ಮೇಲೆಯೇ. ದಾರಿಯಲ್ಲಿ ಮಾಲು ಹಾಳಾದರೆ ಬಿಎಲ್ಲೇ ಹುಟ್ಟುವುದಿಲ್ಲ, ಒಪ್ಪಂದದ ಬಲದ ಮೇಲೆ ವಸೂಲಿ ಮಾಡಬೇಕಾಗುತ್ತದೆ.

ಮಲೆನಾಡು_ಎಕ್ಸ್‌ಪೋರ್ಟ್:
ನನಗೂ ಈಗ ಸ್ಪಷ್ಟವಾಯಿತು. ಸಿಐಎಫ್ ಮಾಡಿಕೊಂಡರೆ?

ಕಸ್ಟಮ್ಸ್_ಬ್ರೋಕರ್_ಬೆಂಗಳೂರು:
ಅಲ್ಲೂ ಹೊಣೆ ದಾಟುವುದು ಇಲ್ಲಿ ಹಡಗು ಹತ್ತಿದಾಗಲೇ, ಜೊತೆಗೆ ಬಾಡಿಗೆ, ವಿಮೆ ನಿಮ್ಮ ತಲೆಗೆ. ಹಡಗು ಬಾಡಿಗೆ, ವಿಮೆ ನಾವೇ ನೋಡಿಕೊಳ್ಳುತ್ತೇವೆ ಎನ್ನುವವರು ಕಂಟೇನರ್‌ಗೆ, ಲೈನ್‌ಗೆ ಒಪ್ಪಿಸಿದಾಗಲೇ ಹೊಣೆ ದಾಟುವ ಸಿಐಪಿ ಬರೆಸಿ. ಆದರೆ ಸಿಐಪಿಗೆ ಕಾರ್ಗೊ ವಿಮೆಯ ಎ ಷರತ್ತುಗಳ ವ್ಯಾಪಕ ವಿಮೆ ಬೇಕು, ಸಿಐಎಫ್‌ಗೆ ಸಿ ಷರತ್ತುಗಳ ಕನಿಷ್ಠ ವಿಮೆ ಸಾಕು. ಪ್ರೀಮಿಯಂ ಕೇಳಿಕೊಂಡೇ ದರ ಹೇಳಿ.