51 ಪೆಗಾಸಿ: ದೈತ್ಯ ಗ್ರಹವೊಂದು ನಕ್ಷತ್ರಕ್ಕೆ ಅಷ್ಟು ಹತ್ತಿರ ಹೇಗೆ ಬಂತು?

ಪ್ರಶ್ನೆ (ಸೋಮವಾರಪೇಟೆಯಿಂದ)
51 ಪೆಗಾಸಿ ಎಂಬ ನಕ್ಷತ್ರವನ್ನು ಗುರುವಿನ ಜಾತಿಯ ಅನಿಲ ಗ್ರಹವೊಂದು ಕೇವಲ 4.23 ದಿನಗಳಲ್ಲಿ ಸುತ್ತುತ್ತದೆಯೆಂದು ಓದಿದೆ. ನಮ್ಮ ಬುಧನಿಗೇ ಒಂದು ಸುತ್ತಿಗೆ 88 ದಿನ ಬೇಕು. ಅಷ್ಟು ಕಾವಿನಲ್ಲಿ ಇಂಥ ಗ್ರಹ ಹುಟ್ಟಿದ್ದು ಹೇಗೆ, ಆವಿಯಾಗದೆ ಉಳಿದದ್ದು ಹೇಗೆ? ಹುತ್ತರಿ ಮುಗಿದು ಬೆಳದಿಂಗಳು ತಗ್ಗಿದ ಮೇಲೆ ಕಾಫಿ ಕಣದಲ್ಲಿ ನಿಂತರೆ ಆ ನಕ್ಷತ್ರ ಕಾಣುವುದೇ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಿಕೇರಿಯಿಂದ)
ನಕ್ಷತ್ರ ಕಾಣುತ್ತದೆ, ಗ್ರಹ ಕಾಣುವುದಿಲ್ಲ. ಡಿಸೆಂಬರ್ ಮೊದಲ ವಾರ ಸಂಜೆ ಏಳರ ಸುಮಾರಿಗೆ ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ತಾರೆಗಳ ಚೌಕ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಪೂರ್ವಾಭಾದ್ರದ ಎರಡು ತಾರೆಗಳನ್ನು ಜೋಡಿಸುವ ಗೆರೆಯಿಂದ ತುಸು ಪಶ್ಚಿಮಕ್ಕಿರುವ, 5.5ರಷ್ಟು ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ತಾರೆ ಮಸುಕು) ಚುಕ್ಕಿಯೇ ಅದು. ಮಂಜಿಲ್ಲದ ಕತ್ತಲಿದ್ದರೆ ಬರಿಗಣ್ಣು ಸಾಕು, ಪೇಟೆಯ ದೀಪಗಳಿದ್ದಲ್ಲಿ ಬೈನಾಕ್ಯುಲರ್ ಬೇಕು. ದೂರ ಸುಮಾರು 50 ಜ್ಯೋತಿರ್ವರ್ಷ.

1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರು ಫ್ರಾನ್ಸಿನ ವೀಕ್ಷಣಾಲಯವೊಂದರಿಂದ ಕಂಡದ್ದೂ ಗ್ರಹವನ್ನಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರವು ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ನಮ್ಮತ್ತ ಬಂದು ಹಿಂದೆ ಸರಿಯುವುದನ್ನು ಅವರು ಅದರ ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ, ಗೆರೆಗಳಲ್ಲಿ ಅಳೆದರು. ಗುರುವು ಸೂರ್ಯನನ್ನು ಸೆಕೆಂಡಿಗೆ 12 ಮೀಟರಿನಷ್ಟು ಮಾತ್ರ ಅಲುಗಿಸುತ್ತಾನೆ, ಅದೂ ಸುಮಾರು 12 ವರ್ಷಗಳ ಆವರ್ತದಲ್ಲಿ. ಆದ್ದರಿಂದ ಸೂರ್ಯನಂಥ ಬೇರೆ ನಕ್ಷತ್ರಗಳ ಸುತ್ತ ಇಂಥ ವಿಚಿತ್ರ ಗ್ರಹವೇ ಮೊದಲು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಶೋಧಕ್ಕೆ 2019ರ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ಉತ್ತರ 2 (ವಿರಾಜಪೇಟೆಯಿಂದ)
ಅದು ಈಗಿರುವಲ್ಲಿಯೇ ಹುಟ್ಟಿತೆಂದು ಹೆಚ್ಚಿನ ಖಗೋಳಜ್ಞರು ಒಪ್ಪುವುದಿಲ್ಲ. ನೀರು ಹಿಮವಾಗಿ ಉಳಿಯುವಷ್ಟು ದೂರದಲ್ಲಿ ದೊಡ್ಡ ತಿರುಳು ಬೆಳೆದು, ಸುತ್ತಲಿನ ಅನಿಲವನ್ನು ಎಳೆದುಕೊಂಡು ಗ್ರಹವಾದ ಮೇಲೆ, ಎಳೆಯ ನಕ್ಷತ್ರವನ್ನು ಸುತ್ತುವರಿದ ಅನಿಲ-ಧೂಳಿನ ತಟ್ಟೆಯೊಂದಿಗಿನ ಸೆಳೆದಾಟದಿಂದ ಅದು ಮೆಲ್ಲನೆ ಒಳಗೆ ಸರಿದಿರಬಹುದು. ಇಲ್ಲವೇ ಮತ್ತೊಂದು ಕಾಯದ ಸೆಳೆತಕ್ಕೆ ಸಿಕ್ಕಿ ಅದರ ಕಕ್ಷೆ ಬಹಳ ಉದ್ದವಾಗಿ, ನಕ್ಷತ್ರದ ಬಳಿ ಹಾದಾಗಲೆಲ್ಲ ಉಬ್ಬರದ ಬಲವು ಆ ಕಕ್ಷೆಯನ್ನು ಕುಗ್ಗಿಸಿ ದುಂಡಾಗಿಸಿರಬಹುದು. ‘ಬಿಸಿ ಗುರು’ಗಳೆಲ್ಲಕ್ಕೂ (ನಕ್ಷತ್ರಕ್ಕೆ ಅತಿ ಹತ್ತಿರವಿರುವ ಇಂಥ ದೈತ್ಯ ಅನಿಲ ಗ್ರಹಗಳಿಗೆ) ಒಂದೇ ದಾರಿ ಹೇಳುವುದು ಆತುರವೆಂದು ನನ್ನ ಅಭಿಪ್ರಾಯ.

ಆವಿಯಾಗುವುದು ಸುಳ್ಳಲ್ಲ. ಎಚ್‌ಡಿ 209458 ಎಂಬ ಮತ್ತೊಂದು ನಕ್ಷತ್ರದ ಇಂಥದೇ ಗ್ರಹದಿಂದ ಜಲಜನಕ ಹೊರಹೋಗುತ್ತಿರುವುದನ್ನು ಹಬಲ್ ದೂರದರ್ಶಕ ಗುರುತಿಸಿದೆ. ಆದರೆ ಇಷ್ಟು ಭಾರದ ಗ್ರಹದ ಗುರುತ್ವ ಬಲವಾದದ್ದು; ಕೋಟ್ಯಂತರ ವರ್ಷ ಸೋರಿದರೂ ಅದು ಕಳೆದುಕೊಳ್ಳುವುದು ಸಣ್ಣ ಪಾಲು.

ಉತ್ತರ 3 (ಗೋಣಿಕೊಪ್ಪದಿಂದ)
ಒಂದು ತಿದ್ದುಪಡಿ: ಮೊದಲ ಉತ್ತರದಲ್ಲಿ ಹೇಳಿದ ನಕ್ಷತ್ರದ ಅಲುಗಾಟದ ಅಳತೆಯಿಂದ ತಿಳಿಯುವುದು ಗ್ರಹದ ಕನಿಷ್ಠ ದ್ರವ್ಯರಾಶಿ ಮಾತ್ರ, ಅಂದರೆ ಗುರುವಿನ ಅರ್ಧಕ್ಕಿಂತ ತುಸು ಕಡಿಮೆ. ಈ ಗ್ರಹ ನಮ್ಮ ಕಣ್ಣಿಗೆ ನಕ್ಷತ್ರದ ಮುಂದೆ ಹಾಯದ ಕಾರಣ ಅದರ ಗಾತ್ರವನ್ನು ನೆರಳಿನಿಂದ ಅಳೆಯಲಾಗುವುದಿಲ್ಲ. ಎರಡೂ ಅಳತೆಗಳು ಸಿಗುವ ಉದಾಹರಣೆ ಬೇಕಿದ್ದರೆ, ಮೌಂಟ್ ಅಬುವಿನ ದೂರದರ್ಶಕದಿಂದ ನಮ್ಮ ದೇಶದವರೇ ತೂಗಿದ, ಟಿಒಐ-1789 ಎಂಬ ನಕ್ಷತ್ರದ ಗ್ರಹವನ್ನು ನೋಡಿ: ಗುರುವಿನ 70 ಶೇಕಡಾ ದ್ರವ್ಯರಾಶಿ, 1.4 ಪಟ್ಟು ಅಗಲ, 3.2 ದಿನಗಳ ಸುತ್ತು.